ಇಕ್ಕಟ್ಟಿನಲ್ಲಿ ಪೈಪು ಕೊಯ್ಯಲು ಯಾವ ಯಂತ್ರ?



ಪಂಪುಮನೆಯಲ್ಲಿ ಗೋಡೆಗೆ ಒತ್ತಿಕೊಂಡಿರುವ ತುಕ್ಕು ಹಿಡಿದ ಪೈಪನ್ನು ಕೊಯ್ಯುವಾಗ ಹ್ಯಾಕ್ಸಾ ಎಳೆಯಲು ಜಾಗವಿರುವುದಿಲ್ಲ. ಆಗ ಎಲ್ಲರೂ ತರುವುದು 4 ಇಂಚಿನ ಗ್ರೈಂಡರ್. ಅದು ಅಗ್ಗ, ಕೆಲಸವೂ ಬೇಗ. ಆದರೆ ಅದರ ವೀಲು ಒಳಗಿಳಿಯುವುದು 30 ಮಿ.ಮೀ. ಆಸುಪಾಸು ಮಾತ್ರ. ಒಂದೂವರೆ ಇಂಚಿನ ಜಿ.ಐ. ಪೈಪಿನ ಹೊರವ್ಯಾಸವೋ 48 ಮಿ.ಮೀ. ಹಿಂಬದಿ ಎಟುಕುವುದಿಲ್ಲವೆಂದು ಕೆಲವರು ಗಾರ್ಡನ್ನೇ ಕಳಚುತ್ತಾರೆ. ಹಾಗೆ ಎಂದಿಗೂ ಮಾಡಬೇಡಿ. ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುವ ವೀಲು ಸಿಕ್ಕಿಕೊಂಡು ಒಡೆದರೆ ಚೂರು ಮುಖಕ್ಕೇ ಬಡಿಯುತ್ತದೆ. ಹತ್ತಿರ ಹುಲ್ಲು, ಡೀಸೆಲ್ ಇದ್ದರೆ ಕಿಡಿಯ ಭಯ ಬೇರೆ.

ಇಂಥ ಕಡೆ ಹಿಂದೆಮುಂದೆ ಆಡುವ ಉದ್ದ ಅಲಗಿನ ರೆಸಿಪ್ರೊಕೇಟಿಂಗ್ ಗರಗಸವೇ ತಕ್ಕದ್ದೆಂದು ನನ್ನ ಅಭಿಪ್ರಾಯ. ಕಿಡಿ ತೀರ ಕಡಿಮೆ. ಇಂಚಿಗೆ 18 ಹಲ್ಲಿನ ಬೈಮೆಟಲ್ ಅಲಗು ಹಾಕಿರಿ. ಮರ ಕೊಯ್ಯುವ ಅಲಗಿನ ದೊಡ್ಡ ಹಲ್ಲು ಪೈಪಿಗೆ ಸಿಕ್ಕಿ ಮುರಿಯುತ್ತದೆ. ಯಂತ್ರದ ಮುಂದಿನ ಪಟ್ಟಿಯನ್ನು ಪೈಪಿಗೆ ಒತ್ತಿ ಹಿಡಿಯದಿದ್ದರೆ ಯಂತ್ರ ಕುಣಿಯುತ್ತದೆ. ಅಲಗಿನ ತುದಿ ಗೋಡೆಗೆ ತಾಗಬಾರದು. ಅಷ್ಟೂ ಜಾಗವಿಲ್ಲದಿದ್ದರೆ ಅಲಗನ್ನು ಅತ್ತಿತ್ತ ನಡುಗಿಸುವ ಮಲ್ಟಿಟೂಲ್ ಉಂಟು, ಕೆಲಸ ಮಾತ್ರ ನಿಧಾನ. ಪಿ.ವಿ.ಸಿ. ಪೈಪಿಗೆ ಯಾವ ಯಂತ್ರವೂ ಬೇಡ.

ವರ್ಷಕ್ಕೊಮ್ಮೆ ಬೇಕಾಗುವುದಾದರೆ ಬಾಡಿಗೆಗೆ ತನ್ನಿ. ಕೊಯ್ಯುವ ಮುನ್ನ ಮೋಟರಿನ ಕರೆಂಟು ತೆಗೆಯಿರಿ, ಪೈಪಿನ ನೀರು ಬಸಿಯಿರಿ, ಕಣ್ಣಿಗೆ ಕನ್ನಡಕ ಹಾಕಿರಿ, ಹೆಗಲ ಮೇಲಿನ ಟವೆಲು ತೆಗೆದಿಡಿ.