ನೆಲಕ್ಕಿಳಿಯುವ ವಿದ್ಯೆ

ಬೆಳ್ತಂಗಡಿಯ ಮಗ್ಗುಲಲ್ಲಿರುವ ಲಾಯಿಲದಲ್ಲಿ, ಅಡಕೆ ಒಣಹಾಕುವ ಕಾಲದಲ್ಲಿ ಬೆಳಗ್ಗೆ ಅಂಗಳಕ್ಕಿಳಿದ ಕೃಷಿಕನು ಗಡಾಯಿಕಲ್ಲಿನ ನೆತ್ತಿ ನಿಚ್ಚಳವಾಗಿದೆಯೇ, ಮೂಡಣ ಘಟ್ಟದ ಸಾಲಿಗೆ ಮೋಡ ಕವಿದಿದೆಯೇ, ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ ಎಂದು ಒಮ್ಮೆ ಕಣ್ಣಾಡಿಸಿದ ಬಳಿಕವೇ ಅಡಕೆಯನ್ನು ಹರವುತ್ತಾನೆ. ಖಾಸಗಿ ವಿಮಾನಚಾಲಕರಾಗಬಯಸುವ ತರುಣ ತರುಣಿಯರು ವಿಮಾನವನ್ನು ಮುಟ್ಟುವ ಮುನ್ನ ನಿತ್ಯವೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳೂ ಇವೇ. ಆದರೆ ಅವರು ಉತ್ತರವನ್ನು ಅಂಕಿಗಳಲ್ಲಿ ಹೇಳಬೇಕು, ಉತ್ತರ ಪ್ರತಿಕೂಲವಾದರೆ ಅಂದಿನ ಹಾರಾಟವನ್ನು ಬೇಸರವಿಲ್ಲದೆ ಬಿಟ್ಟುಕೊಡಬೇಕು.

ನಮ್ಮ ದೇಶದಲ್ಲಿ 16 ವರ್ಷ ತುಂಬಿದವರಿಗೆ ವಿದ್ಯಾರ್ಥಿ ಚಾಲಕನ ಪರವಾನಗಿ ದೊರೆಯುತ್ತದೆ. ಖಾಸಗಿ ಚಾಲಕನ ಪರವಾನಗಿಗೆ 17 ವರ್ಷ ತುಂಬಿರಬೇಕು, ಹತ್ತನೆಯ ತರಗತಿ ಉತ್ತೀರ್ಣವಾಗಿರಬೇಕು, ವೈದ್ಯಕೀಯ ಪರೀಕ್ಷೆಯಲ್ಲಿ ಅರ್ಹತೆ ಪಡೆದು ಕನಿಷ್ಠ 40 ಗಂಟೆಗಳ ಹಾರಾಟವನ್ನು ಪೂರೈಸಿರಬೇಕು. ಬೆಂಗಳೂರಿನ ಜಕ್ಕೂರಿನಲ್ಲಿ 1949ರಿಂದ ಇರುವ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯು ಕನ್ನಡನಾಡಿನ ಮಕ್ಕಳಿಗೆ ಈ ವಿದ್ಯೆಯ ಹಳೆಯ ಹೆಬ್ಬಾಗಿಲು. ವಾಯುಯಾನದ ನಿಯಮಗಳು, ಪಥನಿರ್ದೇಶನ, ಹವಾಶಾಸ್ತ್ರ, ವಿಮಾನ ಮತ್ತು ಎಂಜಿನು ಎಂದು ಪಾಠಗಳನ್ನು ಬೇರೆಬೇರೆಯಾಗಿ ವಿಂಗಡಿಸಿದ್ದರೂ, ಆಕಾಶದಲ್ಲಿ ಅವೆಲ್ಲವೂ ಒಂದೇ ಗಳಿಗೆಯಲ್ಲಿ ಒಟ್ಟಾಗಿ ಎದುರು ನಿಲ್ಲುತ್ತವೆ.

ಮೋಡದ ಲೆಕ್ಕವನ್ನೇ ತೆಗೆದುಕೊಳ್ಳೋಣ. ನೆಲದ ಬಿಸಿಗೆ ಮೇಲೇರುವ ಗಾಳಿಯಲ್ಲಿ ಅದರ ಉಷ್ಣತೆಗೂ ಇಬ್ಬನಿ ಕಟ್ಟುವ ಉಷ್ಣತೆಗೂ ಇರುವ ಅಂತರವು ಪ್ರತಿ 1000 ಅಡಿಗೆ ಸುಮಾರು 2.5 ಡಿಗ್ರಿಯಂತೆ ಕುಗ್ಗುತ್ತದೆ. ಲಾಯಿಲದಲ್ಲಿ ಒಂದು ದಿನ ಉಷ್ಣತೆ 30 ಡಿಗ್ರಿ, ಇಬ್ಬನಿಯ ಬಿಂದು 27 ಡಿಗ್ರಿ ಇದ್ದರೆ ಮೋಡದ ತಳವು ನೆಲದಿಂದ ಸುಮಾರು 1200 ಅಡಿಯಲ್ಲೇ ಇದ್ದೀತು. ಸಮುದ್ರಮಟ್ಟದಿಂದ ಸುಮಾರು 1700 ಅಡಿ ಎತ್ತರದ ಗಡಾಯಿಕಲ್ಲಿನ ತುದಿ ಆಗ ಮೋಡದೊಳಗಿರುತ್ತದೆ, ಆರು ಸಾವಿರ ಅಡಿಯನ್ನು ಮೀರಿದ ಕುದುರೆಮುಖದ ಮಾತು ಹೇಳಬೇಕಾಗಿಯೇ ಇಲ್ಲ. ಕಣ್ಣಿನ ಆಧಾರದಿಂದಲೇ ಹಾರುವ ಚಾಲಕನಿಗೆ ಸಾಮಾನ್ಯವಾಗಿ 5 ಕಿಲೋಮೀಟರು ದೂರದ ನೋಟವೂ, ಮೋಡದಿಂದ ಅಡ್ಡಕ್ಕೆ 1500 ಮೀಟರು, ಮೇಲಕ್ಕೂ ಕೆಳಕ್ಕೂ 1000 ಅಡಿಯ ಅಂತರವೂ ಇರಬೇಕೆಂದು ನಿಯಮ ಹೇಳುತ್ತದೆ. ಮೂಡಣ ಗಾಳಿಯು ಘಟ್ಟವನ್ನು ದಾಟಿ ನಮ್ಮ ಕಡೆಗೆ ಇಳಿಯುವ ದಿನಗಳಲ್ಲಿ ಗಿರಿಸಾಲನ್ನು ಸಮೀಪಿಸುವ ಸಣ್ಣ ವಿಮಾನವು ಆ ಇಳಿಗಾಳಿಯೊಡನೆ ತಾನೂ ಕುಸಿಯುವ ಸಂಭವವಿದೆ. ಆದುದರಿಂದಲೇ ಬಲ್ಲವರು ಸಾಲಿಗೆ ನೇರವಾಗಿ ನುಗ್ಗದೆ, ಬೇಕೆಂದಾಗ ಥಟ್ಟನೆ ಹಿಂದಿರುಗಲು ಅನುಕೂಲವಾಗುವಂತೆ, 45 ಡಿಗ್ರಿ ಓರೆಯಾಗಿ ಹೋಗಬೇಕೆಂದು ಕಲಿಸುತ್ತಾರೆ.

ಬಿಸಿಲೂ ಎತ್ತರವೂ ಕೂಡಿದರೆ ಗಾಳಿ ತೆಳುವಾಗುತ್ತದೆ. ಸುಮಾರು 3000 ಅಡಿ ಎತ್ತರದ ಜಕ್ಕೂರಿನಲ್ಲಿ ಪ್ರಮಾಣಿತ ಉಷ್ಣತೆ 9 ಡಿಗ್ರಿ ಎಂದು ಲೆಕ್ಕ. ಬೇಸಗೆಯ ಮಧ್ಯಾಹ್ನ ಅಲ್ಲಿ 33 ಡಿಗ್ರಿ ಇದ್ದರೆ, ಹೆಚ್ಚಿನ ಒಂದೊಂದು ಡಿಗ್ರಿಗೂ ಸುಮಾರು 120 ಅಡಿಯನ್ನು ಕೂಡಿಸಿದಾಗ, ವಿಮಾನದ ರೆಕ್ಕೆಗೂ ಎಂಜಿನಿಗೂ ಅದು 5900 ಅಡಿಯ ಗಾಳಿಯಂತೆ ತೋರುವುದು. ಅದೇ ಉಷ್ಣತೆಯಲ್ಲಿ ಮಂಗಳೂರಿನ ವಿಮಾನನಿಲ್ದಾಣವಿರುವ ಬಜಪೆಯ ಗಾಳಿ ಸುಮಾರು 2600 ಅಡಿಯದು. ಒಂದೇ ವಿಮಾನ, ಒಂದೇ ಭಾರ. ಆದರೂ ಜಕ್ಕೂರಿನಲ್ಲಿ ನೆಲ ಬಿಡಲು ಹೆಚ್ಚು ಓಟ ಬೇಕು.

ರೆಕ್ಕೆಯ ವಿಷಯದಲ್ಲಿ ಹೊಸಬರನ್ನು ಅತಿಯಾಗಿ ದಾರಿತಪ್ಪಿಸುವುದು ಸ್ಟಾಲ್. ವೇಗ ಕುಂದಿದಾಗ ಮಾತ್ರ ಅದು ಸಂಭವಿಸುತ್ತದೆಂದು ಭಾವಿಸುವವರುಂಟು; ವಸ್ತುತಃ ರೆಕ್ಕೆಯು ಎದುರು ಗಾಳಿಗೆ ಒಡ್ಡಿಕೊಳ್ಳುವ ಕೋನವು ಸುಮಾರು 15 ಡಿಗ್ರಿಯನ್ನು ಮೀರಿದರೆ, ವೇಗ ಎಷ್ಟೇ ಇರಲಿ, ಮೇಲ್ಮೈಯ ಗಾಳಿ ಹರಿದು ಬೇರ್ಪಟ್ಟು ರೆಕ್ಕೆ ಭಾರ ಹೊರಲಾರದೆ ಸೋಲುತ್ತದೆ. ಮಟ್ಟಸವಾಗಿ ಹಾರುವಾಗ 50 ನಾಟಿನಲ್ಲಿ ಸೋಲುವ ರೆಕ್ಕೆಯು, ಎತ್ತರ ಕಳೆಯದೆ 60 ಡಿಗ್ರಿ ವಾಲಿ ತಿರುಗುವಾಗ ಸುಮಾರು 70 ನಾಟಿನಲ್ಲೇ ಸೋಲುತ್ತದೆ. ಮೂತಿಯನ್ನು ಎಳೆದೆತ್ತಬೇಕೆಂಬ ಸಹಜಪ್ರೇರಣೆಯನ್ನು ಅಡಗಿಸಿ ಅದನ್ನು ಕೆಳಗೊತ್ತುವುದೊಂದೇ ಪರಿಹಾರ.

ಇನ್ನು ಬಜಪೆ. 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದು ಉದ್ಘಾಟಿಸಿದ ಈ ನಿಲ್ದಾಣವು ಗುಡ್ಡದ ನೆತ್ತಿಯಲ್ಲಿದೆ. ರನ್‌ವೇ ಮುಗಿದಲ್ಲಿಂದ ಅನತಿದೂರದಲ್ಲೇ ಕಮರಿ. ಅದರ ಉದ್ದನೆಯ ರನ್‌ವೇಯ ಒಂದು ತುದಿಗೆ 24 ಎಂಬ ಸಂಖ್ಯೆ ಇರುವುದು ಅಲ್ಲಿ ಇಳಿಯುವ ವಿಮಾನದ ಮೂತಿ ದಿಕ್ಸೂಚಿಯ 240 ಡಿಗ್ರಿಯತ್ತ, ಎಂದರೆ ನೈಋತ್ಯದತ್ತ, ಇರುವುದರಿಂದ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನವು ಈ ಪಥದಲ್ಲಿ ಇಳಿಯಿತು. ಗಾಳಿ ಶಾಂತವಾಗಿತ್ತು, ನೋಟ 6 ಕಿಲೋಮೀಟರು ಇತ್ತು. ಆದರೆ ವಿಮಾನವು ಇರಬೇಕಾದುದಕ್ಕಿಂತ ಬಹಳ ಎತ್ತರದಿಂದ ಅತಿವೇಗವಾಗಿ ಬಂದು, ಸುಮಾರು 8000 ಅಡಿಯ ಪಥದಲ್ಲಿ 5200 ಅಡಿ ಕಳೆದ ಮೇಲೆ ನೆಲ ಮುಟ್ಟಿತು. ಸಹಚಾಲಕರು ಇಳಿಯುವುದನ್ನು ಕೈಬಿಟ್ಟು ಮೇಲೇರುವಂತೆ ಮೂರು ಬಾರಿ ಹೇಳಿದ್ದರು, ಯಂತ್ರವೂ ಎಚ್ಚರಿಸಿತ್ತು. ಕೊನೆಯ ಕ್ಷಣದಲ್ಲಿ ಮೇಲೇರುವ ಯತ್ನವೂ ನಡೆಯಿತು, ಆದರೆ ಕಾಲ ಮೀರಿತ್ತು. ವಿಮಾನವು ಕಮರಿಗೆ ಬಿದ್ದು, 166 ಮಂದಿಯಲ್ಲಿ 158 ಮಂದಿ ಅಸುನೀಗಿದರು. ಅಸ್ಥಿರವಾದ ಇಳಿತವನ್ನು ನಿಲ್ಲಿಸದೆ ಮುಂದುವರಿಸಿದ್ದೇ ನೇರ ಕಾರಣವೆಂದು ತನಿಖೆಯು ನಿರ್ಣಯಿಸಿತು. ಈ ಕರಾವಳಿಯಲ್ಲಿ ಹಾರಲು ಕಲಿಯುವವರು ಆ ತನಿಖಾ ವರದಿಯನ್ನು ಪಠ್ಯದಂತೆ ಓದಬೇಕೆಂದು ನಾನು ದೃಢವಾಗಿ ನಂಬಿದ್ದೇನೆ.

ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವುದಕ್ಕೆ ಚಾಲಕರ ಮಾತಿನಲ್ಲಿ ಗೋ-ಅರೌಂಡ್ ಎನ್ನುವರು. ತರಬೇತಿಯ ಸೆಸ್ನಾದಲ್ಲಿ ಅದು ಕೆಲವೇ ಚಲನೆಗಳ ಕೆಲಸ: ಥ್ರಾಟಲನ್ನು ಪೂರ್ತಿ ಒತ್ತಿ, ಮೇಲಕ್ಕೆ ನೆಗೆಯಲೆಳಸುವ ಮೂತಿಯನ್ನು ಹಿಡಿದಿಟ್ಟು, ವೇಗ ಕೂಡಿಬಂದಂತೆ ಫ್ಲ್ಯಾಪುಗಳನ್ನು ಒಮ್ಮೆಲೇ ಅಲ್ಲದೆ ಹಂತಹಂತವಾಗಿ ಮೇಲೆಳೆದುಕೊಂಡು, ವಿಮಾನವು ಏರತೊಡಗಿದ ಮೇಲೆಯೇ ರೇಡಿಯೊದಲ್ಲಿ ಮಾತಾಡುವುದು. ಸೂಚಿಸಿದ ವೇಗವಿಲ್ಲ, ಇಳಿಯುವ ಓರೆ ಸರಿಯಿಲ್ಲ, ರನ್‌ವೇಯ ಮೊದಲ ಭಾಗದಲ್ಲಿ ಚಕ್ರ ಮುಟ್ಟುವಂತೆ ತೋರುವುದಿಲ್ಲ ಎಂದಾದರೆ ಯಾರ ಅಪ್ಪಣೆಗೂ ಕಾಯದೆ ಇದನ್ನು ಮಾಡಬಹುದು. ಇಳಿಯುವುದನ್ನು ಬಿಟ್ಟು ಮೇಲೇರುವುದನ್ನು ಅವಮಾನವೆಂದು ಎಣಿಸುವ ಸ್ವಭಾವವು ವಿದ್ಯಾರ್ಥಿಯಲ್ಲಿ ಬೇರೂರುವ ಮೊದಲೇ, ಒಬ್ಬಂಟಿ ಹಾರಾಟಕ್ಕೆ ಇನ್ನೂ ಅನುಮತಿ ದೊರೆಯದಿರುವಾಗಲೇ, ಅವನು ಶಿಕ್ಷಕರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇಳಿತ ಚೆನ್ನಾಗಿಯೇ ಸಾಗುತ್ತಿರುವ ದಿನಗಳಲ್ಲೂ ತಾನಾಗಿ ಕೇಳಿ ಇದನ್ನು ಅಭ್ಯಾಸ ಮಾಡಿಕೊಳ್ಳಲಿ.