ಹುಡುಕಿದಷ್ಟೂ ಸಿಗುವ ಹೆಪ್ಪು

ಕೋವಿಡ್ ಎಂದರೆ ಶ್ವಾಸಕೋಶದ ಕಾಯಿಲೆ ಎಂದೇ 2020ರ ಆರಂಭದಲ್ಲಿ ಎಲ್ಲರೂ ತಿಳಿದಿದ್ದರು. ಅದು ರಕ್ತನಾಳಗಳನ್ನೂ ಬಿಡುವುದಿಲ್ಲ ಎಂಬುದು ಕೆಲವೇ ವಾರಗಳಲ್ಲಿ ಗೊತ್ತಾಯಿತು. ರಕ್ತದ ಹರಿವು ನಿಧಾನವಾಗುವುದು, ನಾಳದ ಒಳಪದರಕ್ಕೆ ಗಾಯವಾಗುವುದು, ರಕ್ತದ ಗುಣವೇ ಬದಲಾಗುವುದು, ರಕ್ತ ಹೆಪ್ಪುಗಟ್ಟಲು ಇರುವ ಕಾರಣಗಳು ಈ ಮೂರು. ದಿನಗಟ್ಟಲೆ ಹಾಸಿಗೆ ಹಿಡಿದ ಕೋವಿಡ್ ರೋಗಿಯಲ್ಲಿ ಮೂರೂ ಒಟ್ಟಿಗೆ ಸೇರುತ್ತವೆ. ಕಾಲಿನ ನಾಳದಲ್ಲಿ ಕಟ್ಟಿದ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಜೀವಕ್ಕೇ ಸಂಚಕಾರ. ಹಾಗಿದ್ದಮೇಲೆ ಆಸ್ಪತ್ರೆಗೆ ಸೇರಿದ ಪ್ರತಿಯೊಬ್ಬರ ಕಾಲನ್ನೂ ಸ್ಕ್ಯಾನ್ ಮಾಡಿ ನೋಡಬಾರದೇಕೆ ಎಂಬ ಪ್ರಶ್ನೆ ಸಹಜ. ಆದರೆ ಸಿಕ್ಕಿರುವ ಪುರಾವೆಗಳನ್ನು ಕೂಡಿಸಿ ನೋಡಿದರೆ, ಎಲ್ಲರಲ್ಲೂ ಹೆಪ್ಪನ್ನು ಹುಡುಕುವುದಕ್ಕಿಂತ ಎಲ್ಲರಲ್ಲೂ ಅದನ್ನು ತಡೆಯುವುದೇ ಮೇಲು.

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಆಸ್ಪತ್ರೆಗೆ ದಾಖಲಾಗಿದ್ದ 198 ಕೋವಿಡ್ ರೋಗಿಗಳ ಪೈಕಿ 39 ಮಂದಿಯಲ್ಲಿ ಹೆಪ್ಪು ಪತ್ತೆಯಾಯಿತು. ಅದರ ಲಕ್ಷಣ ತೋರಿದವರು 25 ಮಂದಿ ಮಾತ್ರ. ಫ್ರಾನ್ಸ್‌ನ ಐಸಿಯು ಒಂದರಲ್ಲಿ 34 ರೋಗಿಗಳನ್ನೂ ಬಿಡದೆ ಸ್ಕ್ಯಾನ್ ಮಾಡಿದಾಗ 27 ಮಂದಿಯ ಕಾಲಿನಲ್ಲಿ ಹೆಪ್ಪಿತ್ತು. ಐಸಿಯು ರೋಗಿಗಳ ಸ್ಥಿತಿ ಹೆಚ್ಚು ಗಂಭೀರ ಎಂಬುದು ನಿಜ. ಆದರೂ ಹುಡುಕುವ ಕಣ್ಣು ಚುರುಕಾದಷ್ಟೂ ಎಣಿಕೆ ಏರುತ್ತದೆ ಎಂಬುದೂ ಅಷ್ಟೇ ನಿಜ. ಮೀನಖಂಡದಲ್ಲಿ ಕಟ್ಟುವ ಸಣ್ಣ ಹೆಪ್ಪುಗಳಲ್ಲಿ ಎಷ್ಟೋ ತಾವಾಗಿಯೇ ಕರಗುತ್ತವೆ. ಕಣ್ಣಿಗೆ ಬಿದ್ದಮೇಲೆ ಮಾತ್ರ ಸುಮ್ಮನಿರುವುದು ಕಷ್ಟ. ತಿಂಗಳುಗಟ್ಟಲೆ ರಕ್ತ ತೆಳುವಾಗಿಸುವ ಔಷಧ ಶುರುವಾಗುತ್ತದೆ.

ಸ್ಕ್ಯಾನಿನಿಂದ ನೋವಿಲ್ಲ, ಅಪಾಯವಿಲ್ಲ, ಮಾಡಿದರೆ ನಷ್ಟವೇನು ಎನ್ನುವವರಿದ್ದಾರೆ. ನಷ್ಟ ಸ್ಕ್ಯಾನಿನಲ್ಲಿಲ್ಲ, ಅದರ ಬೆನ್ನಿಗೆ ಬರುವ ಔಷಧದಲ್ಲಿದೆ. 2021ರಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಪ್ರಯೋಗಗಳಲ್ಲಿ, ತೀರಾ ಗಂಭೀರ ಸ್ಥಿತಿಯ ರೋಗಿಗಳಿಗೆ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧವನ್ನು ಪೂರ್ಣ ಪ್ರಮಾಣದಲ್ಲಿ ಕೊಟ್ಟರೂ ಬದುಕುಳಿಯುವವರ ಸಂಖ್ಯೆ ಹೆಚ್ಚಲಿಲ್ಲ. ಭಾರೀ ರಕ್ತಸ್ರಾವ ಮಾತ್ರ ಶೇ 2.3ರಿಂದ 3.8ಕ್ಕೆ ಏರಿತು. ಅಷ್ಟು ಗಂಭೀರವಲ್ಲದ ರೋಗಿಗಳಿಗೆ ಪೂರ್ಣ ಪ್ರಮಾಣದಿಂದ ಪ್ರಯೋಜನವಾಯಿತು. ಆದರೆ ಆ ಪ್ರಯೋಜನ ಮೊದಲು ಸ್ಕ್ಯಾನ್ ಮಾಡಿ ಹೆಪ್ಪು ಹುಡುಕಿದ್ದರಿಂದ ಬಂದದ್ದಲ್ಲ. ಮೇಲಾಗಿ ಕೋವಿಡ್‌ನಲ್ಲಿ ಶ್ವಾಸಕೋಶದ ನಾಳಗಳಲ್ಲಿಯೇ ಹೆಪ್ಪು ಹುಟ್ಟುವುದುಂಟು; ಕಾಲು ಎಷ್ಟು ನೋಡಿದರೂ ಅದು ಕಾಣದು.

ಹಾಗಾದರೆ ಡಿ-ಡೈಮರ್ ರಕ್ತಪರೀಕ್ಷೆ ಸಾಲದೇ? ಹೆಪ್ಪು ಒಡೆದಾಗ ಉಳಿಯುವ ಚೂರುಗಳನ್ನು ಅಳೆಯುವ ಪರೀಕ್ಷೆ ಅದು. ಫಲಿತಾಂಶ ಕಡಿಮೆ ಇದ್ದರೆ ಸಮಾಧಾನ. ಹೆಚ್ಚಿದ್ದರೆ ಮಾತ್ರ ಏನೂ ಖಚಿತವಾಗದು. ಸೋಂಕು, ವಯಸ್ಸು, ಗರ್ಭಾವಸ್ಥೆ, ಶಸ್ತ್ರಚಿಕಿತ್ಸೆ ಯಾವುದರಿಂದಲೂ ಅದು ಏರುತ್ತದೆ. ಸೌಮ್ಯ ಕೋವಿಡ್‌ಗೆ ಇಂಥ ಪರೀಕ್ಷೆಗಳು ಬೇಡವೆಂದು ಏಮ್ಸ್‌ನ ಆಗಿನ ನಿರ್ದೇಶಕ ಡಾ. ರಣದೀಪ್ ಗುಲೇರಿಯಾ 2021ರ ಮೇ ತಿಂಗಳಲ್ಲಿ ಎಚ್ಚರಿಸಿದ್ದರು.

ವೆಂಟಿಲೇಟರ್‌ನಲ್ಲಿ ಮಲಗಿದವರು ನೋವನ್ನು ಹೇಳಿಕೊಳ್ಳಲಾರರು ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಅದು ಕೇಳುವುದು ದಿನವೂ ರೋಗಿಯ ಎರಡೂ ಕಾಲು ಮುಟ್ಟಿ ನೋಡುವ ಕೈಯನ್ನು, ಆಮ್ಲಜನಕ ಥಟ್ಟನೆ ಇಳಿದರೆ ಅನುಮಾನಿಸುವ ಮನಸ್ಸನ್ನು. ಅನುಮಾನ ಬಂದೊಡನೆ ಸ್ಕ್ಯಾನ್ ಆಗಲೇಬೇಕು, ತಡ ಸಲ್ಲದು. ಅನುಮಾನಕ್ಕೆ ಎಡೆಯಿಲ್ಲದವರಿಗೆ ರಕ್ತಸ್ರಾವದ ಭಯವಿಲ್ಲದಿದ್ದರೆ ಹೆಪ್ಪು ತಡೆಯಲು ಹೆಪಾರಿನ್ ಮತ್ತು ಸಾಧ್ಯವಾದಷ್ಟು ನಡೆದಾಟ ಸಾಕು. ಹಾಗಾಗಿ ಮನೆಯವರು ಆಸ್ಪತ್ರೆಗೆ ಸೇರಿದಾಗ ವೈದ್ಯರನ್ನು ಕೇಳಬೇಕಾದ ಮೊದಲ ಮಾತು “ಸ್ಕ್ಯಾನ್ ಮಾಡಿಸಿದಿರಾ?” ಎಂದಲ್ಲ, “ಹೆಪ್ಪುಗಟ್ಟದಂತೆ ತಡೆಯುವ ಇಂಜೆಕ್ಷನ್ ಶುರುವಾಗಿದೆಯೇ?” ಎಂದು.