ಕಡಲ ತೊಟ್ಟಿಯ ಪಾಚಿಯೂ ಊರ ಕೆರೆಯ ಪಾಚಿಯೂ

ಹುಣಸೂರಿನ ಕಡೆಯಿಂದ ನಾಗರಹೊಳೆಯ ಅರಣ್ಯಕ್ಕೆ ಹೆಬ್ಬಾಗಿಲಿನಂತಿರುವ ಊರು ವೀರನಹೊಸಹಳ್ಳಿ. ಅಲ್ಲಿಂದ ಅರಬ್ಬೀ ಸಮುದ್ರವು, ನೇರ ಗೆರೆಯೆಳೆದು ಅಳೆದರೂ, ಹತ್ತಿರ ಹತ್ತಿರ ೧೦೦ ಕಿಲೋಮೀಟರು ದೂರ. ಇಂಥ ಒಳನಾಡಿನಲ್ಲಿ ಕಡಲುನೀರಿನ ಪಾಚಿಯ ಮಾತನ್ನೆತ್ತುವುದು ವಿಚಿತ್ರವೆಂದು ತೋರಬಹುದು. ಆದರೆ ಬೇಸಗೆಯಲ್ಲಿ ಕೆರೆಯ ನೀರು ತಗ್ಗಿ ಹಸುರಾಗುವುದನ್ನೂ, ದನಗಳು ನೀರು ಕುಡಿಯುವ ತೊಟ್ಟಿಯ ಗೋಡೆ ಲೋಳೆಗಟ್ಟುವುದನ್ನೂ ಕಾಣದ ವಿದ್ಯಾರ್ಥಿ ಆ ಸೀಮೆಯಲ್ಲಿ ಇರಲಾರನು. ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ, ಹವಳದ ದಿಬ್ಬದ ಪುಟ್ಟ ಪ್ರತಿಕೃತಿಯನ್ನು ಕಟ್ಟಹೊರಟವರನ್ನು ಮೊದಲ ತಿಂಗಳುಗಳಲ್ಲಿ ಕಾಡುವುದೂ ಇದೇ ಪಾಚಿ. ಎರಡಕ್ಕೂ ಕಾರಣ ಒಂದೇ ಎಂಬುದನ್ನು ಈಗ ನೋಡೋಣ.

ಹೊಸ ನೀರಿನಲ್ಲಿ ನಡೆಯುವುದೇನು?

ಒಂದು ಲೀಟರು ಕಡಲುನೀರಿನಲ್ಲಿ ಸುಮಾರು ೩೫ ಗ್ರಾಂ ಲವಣಗಳಿರುತ್ತವೆ. ಅಡುಗೆಯ ಉಪ್ಪೊಂದನ್ನೇ ಕರಗಿಸಿದರೆ ಅದು ಕಡಲುನೀರಾಗದು. ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದುವೂ ತಕ್ಕ ಪ್ರಮಾಣದಲ್ಲಿ ಬೇಕು. ಇಂಥ ನೀರಿಗೆ ಮೀನನ್ನು ಬಿಟ್ಟೊಡನೆ ಅದರ ಮಲದಿಂದಲೂ ಮಿಕ್ಕ ಆಹಾರದ ಕೊಳೆತದಿಂದಲೂ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಕಲ್ಲು ಮರಳುಗಳ ಮೇಲೆ ನೆಲೆಸುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಬೇರೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಸೂಕ್ಷ್ಮಜೀವಿಗಳ ಸಂಸಾರ ಬೆಳೆಯಲು ಕೆಲವು ವಾರಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಕಲ್ಲೆಲ್ಲ ಬರಿದು, ಬೆಳಕು ಧಾರಾಳ, ಗೊಬ್ಬರ ಸಮೃದ್ಧ. ಉತ್ತು ಹದಮಾಡಿ ಬಿತ್ತದೆ ಬಿಟ್ಟ ಹೊಲದಲ್ಲಿ ಕಳೆ ಏಳದಿರುವುದುಂಟೆ?

ಈ ಕಳೆಗಳು ಬರುವುದರಲ್ಲಿಯೂ ಒಂದು ಕ್ರಮವುಂಟು. ಸಾಮಾನ್ಯವಾಗಿ ಮೊದಲು ಕಾಣುವುದು ಮರಳಿನ ಮೇಲೆ ಕಂದುಬಣ್ಣದ ಹುಡಿ. ಇವು ಡಯಾಟಮುಗಳು, ಸಿಲಿಕದಿಂದ ತಮ್ಮ ಕವಚವನ್ನು ಕಟ್ಟಿಕೊಳ್ಳುವ ಏಕಕೋಶ ಜೀವಿಗಳು. ನೀರಿನ ಸಿಲಿಕ ಮುಗಿದಂತೆ ಇವು ತಾವಾಗಿಯೇ ತಗ್ಗುತ್ತವೆ. ಅನಂತರ ಕೂದಲಿನಂಥ ಹಸುರು ಪಾಚಿ. ಒಮ್ಮೊಮ್ಮೆ ಕೆಂಪು ಲೋಳೆಯ ಹಾಸು. ಇದು ನಿಜವಾಗಿ ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ. ಕಡೆಗೆ, ತೊಟ್ಟಿ ಹದಕ್ಕೆ ಬಂದ ಮೇಲೆ, ಕಲ್ಲಿಗೆ ಬಣ್ಣ ಬಳಿದಂತೆ ನೇರಿಳೆಗೆಂಪಿನ ಸುಣ್ಣದ ಪಾಚಿ ಹರಡಬಹುದು. ಇದು ಶುಭಲಕ್ಷಣ.

ಇಬ್ಭಾಗವಾದ ಸರೋವರ

ಗೊಬ್ಬರವೇ ಪಾಚಿಗೆ ಮೂಲವೆಂಬುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ ಪ್ರಯೋಗವೊಂದು ೧೯೭೩ರಲ್ಲಿ ಕೆನಡಾ ದೇಶದಲ್ಲಿ ನಡೆಯಿತು. ಡೇವಿಡ್ ಷಿಂಡ್ಲರ್ ಮತ್ತು ಸಂಗಡಿಗರು ೨೨೬ನೆಯ ಸಂಖ್ಯೆಯ ಪುಟ್ಟ ಸರೋವರವನ್ನು ಪರದೆಯಿಂದ ಎರಡಾಗಿ ವಿಭಾಗಿಸಿದರು. ಎರಡು ಪಾಲಿಗೂ ಇಂಗಾಲವನ್ನೂ ಸಾರಜನಕವನ್ನೂ ಹಾಕಿದರು; ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಪಾಲು ಹಸುರುಗಟ್ಟಿತು. ಇನ್ನೊಂದು ತಿಳಿಯಾಗಿಯೇ ಉಳಿಯಿತು.

ಹುಣಸೂರು, ಪಿರಿಯಾಪಟ್ಟಣಗಳ ಸೀಮೆ ಹೊಗೆಸೊಪ್ಪಿನ ಬೇಸಾಯಕ್ಕೆ ಹೆಸರಾದುದು. ಎಲ್ಲಿಯೇ ಆಗಲಿ, ಬೆಳೆಯುಂಡು ಮಿಕ್ಕ ಗೊಬ್ಬರವು ಮಳೆನೀರಿನೊಡನೆ ಕೆರೆಗಿಳಿದರೆ ಪಾಚಿಗೆ ಹಬ್ಬ. ಹಗಲು ಪ್ರಾಣವಾಯುವನ್ನು ಬಿಡುವ ಪಾಚಿ ಇರುಳು ಅದನ್ನೇ ಹೀರುತ್ತದೆ. ದಟ್ಟವಾಗಿ ಪಾಚಿ ಬೆಳೆದ ಕೆರೆಯಲ್ಲಿ ಬೆಳಗಿನ ಜಾವ ಮೀನುಗಳು ಬಾಯ್ಬಿಟ್ಟು ಮೇಲೆ ತೇಲುವುದಕ್ಕೆ ಒಂದು ಕಾರಣ ಇದು. ಅಂಗೈಯಗಲದ ತೊಟ್ಟಿಯಲ್ಲಿ ಕಲಿತ ಪಾಠ ಊರಿನ ನೀರಿಗೂ ಸಲ್ಲುವುದು ಹೀಗೆ.

ಉಪಾಯಗಳು

ಮೊದಲ ಉಪಾಯ ಒಳಗೆ ಬರುವುದನ್ನು ತಡೆಯುವುದು. ಕೊಳವೆಬಾವಿಯ ನೀರಿನಲ್ಲಿ ಸಿಲಿಕ, ನೈಟ್ರೇಟುಗಳು ಕರಗಿರಬಹುದು. ಆದಕಾರಣ ಲವಣಗಳನ್ನು ಬೆರೆಸಲು ಶುದ್ಧಿಗೊಳಿಸಿದ ನೀರನ್ನೇ ಬಳಸಬೇಕು. ಮೀನುಗಳನ್ನು ಒಂದೊಂದಾಗಿ ಬಿಡಬೇಕು. ಅವು ಬೇಗನೆ ತಿಂದು ಮುಗಿಸುವಷ್ಟೇ ಆಹಾರ ಹಾಕಬೇಕು. ದೀಪವನ್ನು ಆರಂಭದಲ್ಲಿ ಮಿತವಾಗಿ ಉರಿಸಬೇಕು.

ಎರಡನೆಯದು, ಇರುವುದನ್ನು ಹೊರಕ್ಕೆ ಹಾಕುವುದು. ಪಾಚಿಯನ್ನು ಕೈಯಿಂದ ಕಿತ್ತು ತೆಗೆದರೆ ಅದರೊಡನೆ ಅದು ತಿಂದ ಗೊಬ್ಬರವೂ ಹೋಗುತ್ತದೆ. ನೀರನ್ನು ಬದಲಿಸುವುದರ ಲೆಕ್ಕವನ್ನೂ ನೋಡೋಣ. ಲೀಟರಿಗೆ ೩೦ ಮಿಲಿಗ್ರಾಂ ನೈಟ್ರೇಟಿರುವ ತೊಟ್ಟಿಯಲ್ಲಿ ಹತ್ತನೆಯ ಒಂದು ಪಾಲು ನೀರನ್ನು ಬದಲಿಸಿದರೆ ಉಳಿಯುವುದು ೨೭. ಮತ್ತೊಮ್ಮೆ ಬದಲಿಸಿದರೆ ೨೪.೩. ಅದೂ ನಡುವೆ ಹೊಸದಾಗಿ ಏನೂ ಸೇರದಿದ್ದರೆ. ಒಂದೇ ದಿನದಲ್ಲಿ ಫಲ ಕಾಣದೆಂದು ಇದರಿಂದಲೇ ತಿಳಿಯುತ್ತದೆ. ಪರೀಕ್ಷೆಯಲ್ಲಿ ನೈಟ್ರೇಟ್ ಸೊನ್ನೆಯೆಂದು ಬಂದರೂ ನಂಬಿ ಮೈಮರೆಯಬಾರದು. ಗೊಬ್ಬರವೆಲ್ಲ ಪಾಚಿಯ ಹೊಟ್ಟೆ ಸೇರಿರಬಹುದು.

ಮೂರನೆಯದು, ಮೇಯುವ ಪ್ರಾಣಿಗಳು. ಕರೀಬಿಯನ್ ಸಮುದ್ರದಲ್ಲಿ ೧೯೮೩-೮೪ರಲ್ಲಿ ಡಯಡೀಮ ಎಂಬ ಉದ್ದಮುಳ್ಳಿನ ಕಡಲಗುಂಡುಗಳು ನೂರಕ್ಕೆ ತೊಂಬತ್ತಕ್ಕೂ ಮಿಗಿಲಾಗಿ ಸತ್ತುವು. ಮೇಯುವವರಿಲ್ಲದೆ ಜಮೈಕದ ಹವಳದ ದಿಬ್ಬಗಳನ್ನು ಪಾಚಿ ಮುಸುಕಿತು. ತೊಟ್ಟಿಯಲ್ಲಿ ಬಸವನಹುಳುಗಳು ಈ ಕೆಲಸವನ್ನು ಮಾಡಬಲ್ಲುವು.

ಮೈಲುತುತ್ತವನ್ನು ಹಾಕುವ ಆತುರ ಮಾತ್ರ ಸಲ್ಲದು. ತಾಮ್ರವು ಬಸವನಹುಳು, ಸೀಗಡಿ, ಹವಳಗಳಿಗೆ ಮಾರಕ. ಸತ್ತ ಪಾಚಿ ಕೊಳೆತು ಪ್ರಾಣವಾಯುವನ್ನು ತಿನ್ನುತ್ತದೆ. ಅದರೊಳಗಿನ ಗೊಬ್ಬರ ಮರಳಿ ನೀರಿಗೇ ಸೇರುತ್ತದೆ.

ಹಗೆಯೋ ಗೆಳೆಯನೋ?

ಇಷ್ಟೆಲ್ಲ ದೂರಿದ ಮೇಲೆ ಪಾಚಿಗೆ ನ್ಯಾಯವನ್ನೂ ಸಲ್ಲಿಸಬೇಕು. ಹವಳದ ಪ್ರಾಣಿಯ ಅಂಗಾಂಶದೊಳಗೇ ಸೂಕ್ಷ್ಮ ಪಾಚಿಗಳು ವಾಸವಾಗಿದ್ದು, ಬಿಸಿಲಿನಿಂದ ಆಹಾರವನ್ನು ತಯಾರಿಸಿ ಒಡೆಯನಿಗೂ ಪಾಲು ಕೊಡುತ್ತವೆ. ನೀರು ಬಿಸಿಯೇರಿ ಈ ನೆರವು ತಪ್ಪಿದಾಗ ಹವಳ ಬಿಳಚಿಕೊಳ್ಳುತ್ತದೆ. ಹಾಗೆಯೇ ಮುಂದುವರಿದರೆ ಸಾಯುತ್ತದೆ.

ನಮ್ಮ ನಾಡಿನಲ್ಲಿ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಅವನ್ನು ಮುರಿದು ತಂದು ತೊಟ್ಟಿಯನ್ನು ಸಿಂಗರಿಸುವಂತಿಲ್ಲ. ಕಲ್ಲುಹವಳಗಳನ್ನು ೨೦೦೧ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ನಾಗರಹೊಳೆಯ ಹುಲಿಯ ಹೆಸರಿರುವ ಪಟ್ಟಿಯೂ ಅದೇ. ಹವಳವಿಲ್ಲದೆ, ಬರಿಯ ಕಲ್ಲು, ಮರಳು, ಒಂದೆರಡು ಮೀನುಗಳಿಂದಲೇ ಈ ಪಾಠವನ್ನೆಲ್ಲ ಕಲಿಯಬಹುದು.

ತೊಟ್ಟಿಯೂ ಬೇಡವೆನ್ನುವವರು ಎರಡು ಗಾಜಿನ ಜಾಡಿಗಳಲ್ಲಿ ತಮ್ಮೂರಿನ ಕೆರೆಯ ನೀರನ್ನು ತುಂಬಿ, ಒಂದಕ್ಕೆ ಮಾತ್ರ ಚಿಟಿಕೆಯಷ್ಟು ಗೊಬ್ಬರ ಹಾಕಿ, ಕಿಟಕಿಯ ಬೆಳಕಿನಲ್ಲಿಟ್ಟು ಎರಡು ಮೂರು ವಾರ ನೋಡಲಿ. ಕೆನಡಾದ ಸರೋವರ ಹೇಳಿದ ಮಾತನ್ನು ಆ ಜಾಡಿಗಳೂ ಹೇಳಬಲ್ಲುವು.